ಪಟ್ಟಿಯಲ್ಲಿಲ್ಲದ ಯುದ್ಧ

ಮುಳುಗಡೆಯಾಗಲಿರುವ ಊರಿನ ಕಟ್ಟಡಗಳನ್ನು ಅಳೆದು ಬರೆಯಲು ನಮಗೆ ಕೊಟ್ಟಿದ್ದ ನಮೂನೆಯಲ್ಲಿ ಎಲ್ಲದಕ್ಕೂ ಒಂದೊಂದು ಕಾಲಂ ಇತ್ತು. ವಾಸದ ಮನೆ, ದನದ ಕೊಟ್ಟಿಗೆ, ಬಾವಿ, ಗುಡಿ, ಮಸೀದಿ, ಗೋರಿ, ಪೌಳಿ, ಹಣ್ಣಿನ ಮರ. ಯಾವುದಕ್ಕೂ ಸೇರದ್ದಕ್ಕೆ ಕೊನೆಯಲ್ಲಿ ‘ಇತರೆ’. ಸತ್ತ ಸೈನಿಕನೊಬ್ಬನನ್ನು ಆ ‘ಇತರೆ’ಯೊಳಗೆ ತುರುಕಬಾರದೆಂದು ನಾನು ನಾಲ್ಕು ತಿಂಗಳು ಹೆಣಗಾಡಿದೆ. ಗೆದ್ದೆನೆಂದು ಹೇಳಲಾರೆ. ಆಗ ಬಂದ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ. ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನು ಕಿರಿಯ ಎಂಜಿನಿಯರ್. ಆಲಮಟ್ಟಿಯ ಹಿನ್ನೀರು ಎಲ್ಲಿಯವರೆಗೆ ಏರುತ್ತದೆಂದು ಗುರುತು ಹಾಕಿ, ಅದರೊಳಗೆ ಬೀಳುವುದನ್ನೆಲ್ಲ ಪಟ್ಟಿ ಮಾಡಲು ನನ್ನನ್ನು ಬೀಳಗಿಗೆ ಹಾಕಿದ್ದರು. ಆ ಊರು, ಅನಗವಾಡಿ ಕಡೆಯ ದಾರಿಯಲ್ಲಿ ಬಸ್ಸಿಳಿದು ಹೊಳೆಯತ್ತ ಅರ್ಧ ತಾಸು ನಡೆದರೆ ಸಿಗುತ್ತಿತ್ತು. ಈಗ ಸಿಗುವುದಿಲ್ಲ. ಅಲ್ಲಿನವರ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಸೈನಿಕನ ಹೆಂಡತಿ ಬೇಡವೆಂದಿದ್ದಾಳೆ.

ಕೆಲಸದ ಕ್ರಮ ಸರಳ. ಮುಂಜಾನೆ ಮಟ್ಟ ನೋಡುವ ದುರ್ಬೀನು, ಡಂಪಿ ಲೆವೆಲ್, ನಿಲ್ಲಿಸಿ, ಬೆಂಚ್ ಮಾರ್ಕಿನಿಂದ ಮಟ್ಟ ತೆಗೆದುಕೊಂಡು ಬರುವುದು. ಬನಹಟ್ಟಿಯವರಾದ ನನ್ನ ಹಿರಿಯ ಚೈನ್‌ಮನ್ ಟೇಪು ಹಿಡಿಯುತ್ತಿದ್ದರು. ಪ್ರತಿ ಕಟ್ಟಡದ ಉದ್ದ, ಅಗಲ, ಎತ್ತರ, ಗೋಡೆಯ ದಪ್ಪ, ಮೇಲ್ಛಾವಣಿಯ ಬಗೆ ಅಳತೆ ಪುಸ್ತಕಕ್ಕೆ ಏರುತ್ತಿತ್ತು. ಆಮೇಲೆ ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ನಂಬರು. ಆ ನಂಬರು ಬಿದ್ದ ಮನೆಯ ಮುಂದೆ ಹೆಂಗಸರು ಕೆಲಕಾಲ ಮಾತು ನಿಲ್ಲಿಸಿಬಿಡುತ್ತಿದ್ದರು. ಅದಕ್ಕೂ ನಾನು ಒಗ್ಗಿಹೋಗಿದ್ದೆ.

ಬೀರೇಶ್ವರನ ಗುಡಿಯ ಹಿಂದೆ ಆ ಕಟ್ಟೆ ಇತ್ತು. ಆರು ಅಡಿ ಚೌಕ, ಮೂರು ಅಡಿ ಎತ್ತರ, ನಾಲ್ಕು ವರಸೆ ಕಲ್ಲು, ನಡುವೆ ನೆಟ್ಟ ಚಪ್ಪಟೆ ಪರಸಿ ಕಲ್ಲು. ಕಲ್ಲಿನ ಮೇಲೆ ಒಂದು ಹೆಸರು, ಅದರ ಕೆಳಗೆ ‘ವೀರಮರಣ’ ಎಂಬ ಒಂದೇ ಮಾತು. ಮಟ್ಟ ತೆಗೆದು ನೋಡಿದರೆ ಕಟ್ಟೆಯ ನೆತ್ತಿಯೇ ನೀರಿನ ಪೂರ್ಣಮಟ್ಟಕ್ಕಿಂತ ಎರಡು ಮೀಟರ್ ಕೆಳಗೆ. ಚೈನ್‌ಮನ್ ಬಣ್ಣದ ಡಬ್ಬಿ ತೆಗೆದರು. ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕನೊಬ್ಬ ಬಂದು ಕಟ್ಟೆಗೆ ಬೆನ್ನು ಕೊಟ್ಟು ನಿಂತ.

“ಇದಕ್ಕ ಬಣ್ಣ ಹಚ್ಚಬ್ಯಾಡ್ರಿ. ಇದು ಮನಿ ಅಲ್ಲ, ನನ್ನ ಮಗ.”

ಹಿಂದೆಯೇ ಬಂದ ಹೆಣ್ಣುಮಗಳು ಆತನ ಸೊಸೆ, ಸೈನಿಕನ ಹೆಂಡತಿ. ಊರಿನ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ವಯಸ್ಸು ಮೂವತ್ತೊಂದು, ಮೂವತ್ತೆರಡು ಇರಬೇಕು.

“ಹಚ್ಚಲಿ ಬಿಡ್ರಿ ಮಾವಾ,” ಅಂದಳು. “ನಂಬರ್ ಇಲ್ಲದ್ದು ಸರಕಾರಕ್ಕ ಕಾಣಂಗಿಲ್ಲ. ಗುಡಿ ಎತ್ತಿ ಹೊಸ ಊರಾಗ ಕಟ್ಟಿಕೊಡ್ತಾರಂತ. ಇದನ್ನೂ ಕಟ್ಟಿಕೊಡಲಿ.”

ಮುದುಕ ಸರಿದು ನಿಂತ. ನಾನು ಹೆಸರು ಬರೆದುಕೊಂಡು, ಯಾವಾಗ, ಎಲ್ಲಿ ಎಂದು ಕೇಳಿದೆ. ಹತ್ತು ವರ್ಷದ ಹಿಂದೆ, ಲಂಕೆಯಲ್ಲಿ ಎಂದಳು. ಕೆಳಗೆ ಹೂತದ್ದು ಏನು ಎಂದೆ, ಏಕೆಂದರೆ ಗೋರಿಯಾದರೆ ಅದಕ್ಕೆ ಬೇರೆ ಕಾಲಂ.

“ನಮ್ಮಾಗ ಮಣ್ಣಾಗ ಇಡೂದ್ರಿ, ಸುಡಂಗಿಲ್ಲ,” ಮುದುಕ ಹೇಳಿದ. “ಅವ್ರು ಅಲ್ಲೇ ಸುಟ್ಟು ಬೂದಿ ಕಳಿಸಿದ್ರು. ಬೂದಿ ಗಡಿಗಿ, ಅವನ ಡ್ರೆಸ್ಸು, ಬೂಟು, ಎಲ್ಲಾ ಟ್ರಂಕಿನ್ಯಾಗ ಇಟ್ಟು ಹುಗದೀವಿ.”

ನಾನು ಅಳತೆ ಪುಸ್ತಕದಲ್ಲಿ ಅಳತೆ ಬರೆದು, ಪಕ್ಕದಲ್ಲಿ ‘ಯುದ್ಧದಲ್ಲಿ ಮಡಿದ ಸೈನಿಕನ ಸ್ಮಾರಕ, ಸಾರ್ವಜನಿಕ’ ಎಂದು ಬರೆದೆ. ಹಾಗೆ ಬರೆಯುವಾಗ ನನಗೆ ಯಾವ ಅನುಮಾನವೂ ಬರಲಿಲ್ಲ. ಇನ್ನೇನು ಬರೆಯುವುದು?

ವಾರದ ನಂತರ ನನ್ನ ಮೇಲಧಿಕಾರಿ ಕರೆಸಿದರು. ಅವರು ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾನೂನು ಬಲ್ಲವರು, ಕೆಟ್ಟವರಲ್ಲ. ನಾನು ತಯಾರಿಸಿದ ಕರಡು ಪಟ್ಟಿಯಲ್ಲಿ ಆ ಸಾಲಿನ ಮೇಲೆ ಪೆನ್ಸಿಲ್ ಗೆರೆ ಎಳೆದಿದ್ದರು.

“ಯಾವ ಯುದ್ಧರೀ ಇದು?”

“ಲಂಕಾದ್ದು, ಸರ್.”

“ಲಂಕಾದ ಮ್ಯಾಲೆ ನಾವು ಯುದ್ಧ ಸಾರಿದ್ವೇನು? ಅರವತ್ತೆರಡು, ಅರವತ್ತೈದು, ಎಪ್ಪತ್ತೊಂದು, ಇವು ಯುದ್ಧ. ಇದು ಶಾಂತಿ ಪಾಲನೆಗೆ ಹೋಗಿದ್ದು.”

“ಹಾಗಾದರೆ ಗೋರಿ ಅಂತ ಬರೆಯಲಾ?”

“ಹೆಣ ಎಲ್ಲಿದೆ?”

ಹೆಣವಿಲ್ಲ, ಆದ್ದರಿಂದ ಗೋರಿಯಲ್ಲ. ಯುದ್ಧವಿಲ್ಲ, ಆದ್ದರಿಂದ ಯುದ್ಧಸ್ಮಾರಕವಲ್ಲ. ಪೂಜೆಗೆ ಅರ್ಚಕನಿಲ್ಲ, ಆದ್ದರಿಂದ ಗುಡಿಯೂ ಅಲ್ಲ. ಉಳಿದದ್ದು ‘ಇತರೆ: ಕಲ್ಲಿನ ಕಟ್ಟೆ, ಒಂದು’. ಅಂಥದನ್ನು ಹೊಸ ಊರಿಗೆ ಸಾಗಿಸಿ ಕಟ್ಟಿಕೊಡುವ ನಿಯಮವಿರಲಿಲ್ಲ. ಕಾಗದದ ಪುರಾವೆ ತಂದರೆ ನೋಡೋಣ, ಪಟ್ಟಿ ಮೇಲೆ ಹೋಗಲು ಇನ್ನೂ ಸಮಯವಿದೆ ಎಂದರು.

ನಾನು ಪುರಾವೆ ಹುಡುಕಲು ಹೊರಟೆ.

ಮುದುಕನ ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಒಂದು ಪತ್ರವಿತ್ತು. ಪಲ್ಟನ್ನಿನ ಅಧಿಕಾರಿ ಇಂಗ್ಲಿಷಿನಲ್ಲಿ ಬರೆದದ್ದು. ಹತ್ತು ವರ್ಷದ ಹಿಂದೆ ಸಾಲಿಯ ಮಾಸ್ತರರೊಬ್ಬರು ಅದನ್ನು ನೋಡಿ ‘ಧೈರ್ಯದಿಂದ ಕಾದಾಡಿ ಸತ್ತ ಅಂತ ಬರದಾರ’ ಎಂದಿದ್ದರಂತೆ. ಆಮೇಲೆ ಯಾರೂ ಓದಿ ಹೇಳಿರಲಿಲ್ಲ. ಮುದುಕ ಗೋಡೆಗೆ ಒರಗಿ ಕುಳಿತ, ಸೊಸೆ ಬಾಗಿಲಲ್ಲಿ ನಿಂತಳು. ನಾನು ಸಾಲು ಸಾಲಾಗಿ ಕನ್ನಡಕ್ಕೆ ತಿರುಗಿಸುತ್ತ ಓದಿದೆ. ರಸ್ತೆ ತಪಾಸಣೆಯ ಕೆಲಸದಲ್ಲಿದ್ದಾಗ, ಡಾಂಬರಿನ ಕೆಳಗೆ ಹೂತಿಟ್ಟ ಸ್ಫೋಟಕ ಸಿಡಿದು, ಅವನೂ ಇನ್ನಿಬ್ಬರೂ ಸ್ಥಳದಲ್ಲೇ ಸತ್ತರು.

ಮುದುಕ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದ. ನಂತರ ಕೇಳಿದ: “ಎದುರಿಗೆ ಯಾರೂ ಇರಲಿಲ್ಲೇನ್ರಿ?”

“ಇರಲಿಲ್ಲ ಅಜ್ಜಾ.”

“ಒಬ್ಬನೂ?”

“ಒಬ್ಬನೂ ಇರಲಿಲ್ಲ.”

ಹತ್ತು ವರ್ಷ ಆತ ಮನಸ್ಸಿನಲ್ಲಿ ಒಬ್ಬ ಎದುರಾಳಿಯನ್ನು ನಿಲ್ಲಿಸಿಕೊಂಡಿದ್ದ. ನಾನು ಐದು ನಿಮಿಷದಲ್ಲಿ ಅವನನ್ನು ಅಳಿಸಿಹಾಕಿದ್ದೆ.

ಪತ್ರದ ಪ್ರತಿ ತೆಗೆದುಕೊಂಡು ವಿಜಾಪುರದ ಸೈನಿಕ ಕಲ್ಯಾಣ ಕಚೇರಿಗೆ ಹೋದೆ. ಹೊಸ ಜಿಲ್ಲೆಯ ಕಡತಗಳು ಇನ್ನೂ ಹಳೆಯ ಜಿಲ್ಲೆಯ ಕಪಾಟಿನಲ್ಲೇ ಇದ್ದವು. ಅಲ್ಲಿ ಒಬ್ಬ ಸಜ್ಜನ ಗುಮಾಸ್ತ ಎರಡು ತಾಸು ಹುಡುಕಿ ಸೈನಿಕನ ಹೆಸರನ್ನು ಹೊರಗೆ ತೆಗೆದ. ಹೆಸರಿತ್ತು, ಪಲ್ಟನ್ ಇತ್ತು, ಸತ್ತ ದಿನವಿತ್ತು. ‘ಯುದ್ಧ’ ಎಂಬ ಕಡೆ ಒಂದು ಅಡ್ಡಗೆರೆ ಇತ್ತು.

“ಕಾರ್ಯಾಚರಣೆ ಅಂತ ಬರಕೊಡ್ತೇನ್ರಿ, ಯುದ್ಧ ಅಂತ ಬರಕೊಡಾಕ ಬರಂಗಿಲ್ಲ,” ಅಂದ. “ಮ್ಯಾಲಿಂದ ಬಂದ ಯುದ್ಧಗಳ ಪಟ್ಟಿಯಾಗ ಅದಿಲ್ಲ.”

ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಬಂದು ಮುಟ್ಟಿದ್ದೆ. ಮರಳುವ ಬಸ್ಸಿನಲ್ಲಿ ನನಗೆ ಮೊದಲ ಸಲ ನಿಜವಾದ ಸಿಟ್ಟು ಬಂತು. ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ತಿಳಿಸಿದವನು ಸಮೀರವಾಡಿಯಲ್ಲಿದ್ದ.

ಟ್ರಂಕು ತಂದುಕೊಟ್ಟ ಇಬ್ಬರು ಸೈನಿಕರಲ್ಲಿ ಒಬ್ಬ ಮುಧೋಳ ತಾಲೂಕಿನವನು. ಸೈನ್ಯದಲ್ಲಿ ನಾಯಕ್ ದರ್ಜೆಗೇರಿ ನಿವೃತ್ತನಾಗಿ ಈಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕಾವಲು ಕೆಲಸದಲ್ಲಿದ್ದಾನೆ, ವರ್ಷಕ್ಕೊಮ್ಮೆ ಆ ದಿನ ತಪ್ಪದೆ ಬಂದು ಕಟ್ಟೆಗೆ ಹೂವಿಟ್ಟು ಹೋಗುತ್ತಾನೆ ಎಂದು ಸೈನಿಕನ ಹೆಂಡತಿ ಹೇಳಿದಳು. ಹೋದೆ. ಕಬ್ಬು ನುರಿಸುವ ಹಂಗಾಮು. ಕಾರ್ಖಾನೆಯ ಮುಂದೆ ಮೈಲಿಗಟ್ಟಲೆ ಟ್ರ್ಯಾಕ್ಟರುಗಳ ಸಾಲು, ಗಾಳಿಯಲ್ಲಿ ಕಾಕಂಬಿಯ ವಾಸನೆ. ಪಾಳಿ ಮುಗಿಸಿ ಎರಡು ಗಂಟೆಗೆ ಹೊರಬಂದ ಆತನ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತೆವು. ನಾನು ಬಂದ ಕಾರಣ ಹೇಳಿದೆ. ಯುದ್ಧವಲ್ಲವಂತೆ ಎಂದ ಕೂಡಲೇ ಆತ ಕಪ್ಪನ್ನು ಬೆಂಚಿನ ಮೇಲೆ ಕುಕ್ಕಿದ.

“ಅಲ್ಲೇನ್ರಿ ಸಾಹೇಬ್ರ? ಹಂಗಾದ್ರ ನನ್ನ ಬೆರಳು ಎಲ್ಲಿ ಹೋದೂ? ಜಾತ್ರ್ಯಾಗ ಕಳಕೊಂಡ್ನೇನು?”

ಆಮೇಲೆ ಆತ ಹೇಳಿದ್ದನ್ನು ನಾನು ಅಡ್ಡ ಮಾತಾಡದೆ ಕೇಳಿದೆ.

“ಹಡಗಿನಿಂದ ಇಳದ ದಿನ ಅಲ್ಲಿ ಹೆಣ್ಣಮಕ್ಕಳು ಆರತಿ ಎತ್ತಿದ್ರು. ಹಾರಾ ಹಾಕಿದ್ರು, ಎಳನೀರು ಕೊಟ್ರು. ನಮಗ ಹೇಳಿದ್ದೇನು? ಹುಲಿಗಳು ಅಂತ ಕರಸ್ಕೊಳ್ಳೂ ಹುಡುಗ್ರು ಬಂದೂಕು ಒಪ್ಪಸ್ತಾರ, ನೀವು ಎಣಸ್ಕೊಂಡು ಗಾಡಿಗೆ ಹಾಕ್ರಿ, ಅಷ್ಟ. ಮೂರು ತಿಂಗಳಕ್ಕ ಅವೇ ಓಣಿ, ಅವೇ ಮನಿ, ಒಳಗಿಂದ ಗುಂಡು. ನಮ್ಮ ಕೈಯಾಗ ಛಲೋ ನಕಾಶಿನೂ ಇರಲಿಲ್ಲ. ಅವ್ರಿಗೆ ನಮ್ಮ ಎಲ್ಲಾ ಗೊತ್ತಿತ್ತು. ಹೆಂಗ ಗೊತ್ತು? ಕಲಿಸಿದಾವ್ರು ನಾವ! ನಮ್ಮ ನೆಲದಾಗ, ನಮ್ಮ ಕ್ಯಾಂಪಿನ್ಯಾಗ, ನಮ್ಮ ಉಸ್ತಾದರು ಆ ಹುಡುಗ್ರಿಗೆ ರಸ್ತೇದಾಗ ಬಾಂಬು ಹೂಳೂದು ಕಲಿಸಿದ್ರು. ಹಿಂಗ ತಂತಿ ಎಳೀಬೇಕು, ಹಿಂಗ ಮಣ್ಣು ಮುಚ್ಚಬೇಕು. ಒಂದಿನ ಹುಗದಿದ್ದೊಂದು ಸಿಡೀಲಾರದ್ದು ಸಿಕ್ತು. ನಮ್ಮ ಹವಾಲ್ದಾರ ಅದನ್ನ ನೋಡಿ ಅಂದ, ಈ ಗಂಟು ನಾ ಟ್ರೇನಿಂಗಿನ್ಯಾಗ ಹಾಕಾಕ ಕಲ್ತಿದ್ದ ಗಂಟ ಐತಲೇ ಅಂತ.”

“ಮತ್ತೆ ನಿಮ್ಮನ್ನ ಯಾಕೆ ಕಳಿಸಿದ್ರು?” ಎಂದು ಒಮ್ಮೆ ಮಾತ್ರ ಕೇಳಿದೆ.

“ಅದನ್ನ ನೀವು ಓದಿದಾವ್ರು ಹೇಳ್ರಿ. ನನಗ ತಿಳದದ್ದು ಇಷ್ಟ. ಆ ಸಣ್ಣ ದೇಶ ನಮ್ಮ ಮಾತು ಕೇಳವಲ್ದು, ಬ್ಯಾರೆ ದೊಡ್ಡ ದೇಶದ ಕಡೆ ಮಾರಿ ಮಾಡಾಕತ್ತೈತಿ ಅಂತ ದಿಲ್ಲಿಗೆ ಸಿಟ್ಟು. ಅದಕ್ಕ ಆ ಹುಡುಗ್ರನ್ನ ಸಾಕಿದ್ರು. ಹುಡುಗ್ರು ಕೈಮೀರಿದ್ರು, ಅವ್ರನ್ನ ಹಿಡ್ಯಾಕ ನಮ್ಮನ್ನ ಬಿಟ್ರು. ಮೊದಲ ವಿಮಾನದಾಗಿಂದ ಅಕ್ಕಿ ಒಗದ್ರು, ಆಮ್ಯಾಲ ನಮ್ಮನ್ನ ಒಗದ್ರು. ಎರಡು ವರ್ಷಕ್ಕ ಅಲ್ಲಿ ಹೊಸಾ ಅಧ್ಯಕ್ಷ ಬಂದ. ನಿಮ್ಮನ್ನ ಯಾರು ಕರದಾರ, ನಡೀರಿ ಅಂದ. ನಮ್ಮ ಮ್ಯಾಲೆ ಹೊಡ್ಯಾಕ ಹುಲಿಗಳಿಗೆ ಅಂವನ ಬಂದೂಕ ಕೊಟ್ಟ ಅಂತ ನಾವು ಮಾತಾಡ್ತಿದ್ವಿ. ತಿರುಗಿ ಮದ್ರಾಸಿನ್ಯಾಗ ಇಳದ್ರ ಅಲ್ಲಿ ಆಳಾವ್ರು ಒಬ್ರೂ ಮಾರಿ ತೋರಸಲಿಲ್ಲ. ಹೋಗುವಾಗ ಆರತಿ ಎತ್ತಿದ್ದು ಪರದೇಶ, ಬರುವಾಗ ಬೆನ್ನು ತಿರುವಿದ್ದು ಸ್ವಂತ ದೇಶ.”

ಆತನ ಮಾತನ್ನು ಹಾಗೇ ನಂಬಬಾರದೆಂದು, ಮುಂದಿನ ಎರಡು ರವಿವಾರ ಜಮಖಂಡಿಯ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿದೆ. ಬಹಳಷ್ಟು ಅಲ್ಲಿತ್ತು, ಬೇರೆ ಬೇರೆ ದಿನಗಳ ಬೇರೆ ಬೇರೆ ಮೂಲೆಗಳಲ್ಲಿ. ಆ ದ್ವೀಪದ ಜಗಳಕ್ಕೆ ಅದರದೇ ಕಾರಣಗಳಿದ್ದವು. ಭಾಷೆಯ ಹೆಸರಿನಲ್ಲಿ ಸ್ವಂತ ಜನರಲ್ಲೇ ಒಂದು ಪಾಲಿನವರ ಹಕ್ಕನ್ನು ಕಿತ್ತುಕೊಂಡ ಪಾಪ ಅಲ್ಲಿ ಆಳಿದವರದು. ಅದನ್ನು ನಾವು ಮಾಡಲಿಲ್ಲ. ಆದರೆ ಆ ಬೆಂಕಿ ಎಷ್ಟು ಉರಿಯಬೇಕು, ಯಾರ ಕಡೆಗೆ ವಾಲಬೇಕು, ಯಾವಾಗ ಆರಬೇಕು ಎಂಬುದನ್ನು ನಾವು ದಿಲ್ಲಿಯಲ್ಲಿ ಕುಳಿತು ತೀರ್ಮಾನಿಸಲು ಹೋದೆವು. ಬೆಂಕಿ ಮಾತು ಕೇಳಲಿಲ್ಲ. ಕೇಳುತ್ತದೆಂದು ನಂಬಿದವರಲ್ಲಿ ಒಬ್ಬರ ಕೈಯೂ ಸುಡಲಿಲ್ಲ.

ಅದೇ ಗ್ರಂಥಾಲಯದ ಅದೇ ಬೆಂಚಿನ ಮೇಲೆ ಕುಳಿತು, ಕಾಲೇಜು ದಿನಗಳಲ್ಲಿ, ನಾನೊಂದು ಪ್ರಬಂಧ ಬರೆದಿದ್ದೆ. ‘ನೆರೆರಾಷ್ಟ್ರಕ್ಕೆ ಭಾರತದ ಶಾಂತಿಹಸ್ತ’ ಎಂದು ವಿಷಯ. ಒಪ್ಪಂದಕ್ಕೆ ಸಹಿ ಬಿದ್ದ ವರ್ಷ. ದೊಡ್ಡಣ್ಣನ ಹೊಣೆಗಾರಿಕೆ, ಕರುಣೆ, ಪಂಚಶೀಲ ಎಂದೆಲ್ಲ ತುಂಬಿಸಿದ್ದೆ. ಮೊದಲ ಬಹುಮಾನ ಬಂದಿತ್ತು. ಅದು ನೆನಪಾಗಿ ಕಿವಿ ಬಿಸಿಯಾಯಿತು. ನಾನು ಚಪ್ಪಾಳೆ ಗಿಟ್ಟಿಸುತ್ತಿದ್ದ ಆ ತಿಂಗಳಲ್ಲೇ ಈ ಊರಿನ ಹುಡುಗ ಡಾಂಬರು ರಸ್ತೆಯ ಮೇಲೆ ಒಂದೊಂದು ಹೆಜ್ಜೆ ತಡಕಿ ಇಡುತ್ತಿದ್ದ.

ಮಾಜಿ ನಾಯಕ್ ಬರಹದಲ್ಲಿ ಹೇಳಿಕೆ ಕೊಡಲು ಒಪ್ಪಿ ಒಂದು ಮುಂಜಾನೆ ಊರಿಗೆ ಬಂದ. ಗುಡಿಯ ಜಗಲಿಯ ಮೇಲೆ ಕುಳಿತು ನಾನು ಬರೆದುಕೊಂಡೆ, ಪಂಚರಾಗಿ ಇಬ್ಬರು ಹಿರಿಯರು ಸಹಿ ಹಾಕಿದರು. ಅದು ಮುಗಿದ ಮೇಲೆ ಮುದುಕ ಆತನ ಹತ್ತಿರ ಸರಿದು ಕುಳಿತ.

“ತಮ್ಮಾ, ಖರೆ ಹೇಳು. ಆ ದೇಶದ ಬಡವ್ರು ನಮ್ಮನ್ನ ಕರದಿದ್ರೇನು?”

“ಅಳಾಕತ್ತಿದ್ರು ಯಜ್ಜಾ. ಅಳೂದನ್ನ ನಮ್ಮವ್ರು ಕರ್ಯಾಕತ್ತಾರ ಅಂತ ತಿಳಕೊಂಡ್ರು.”

“ನಮ್ಮ ಹುಡುಗ ಅವ್ರಿಗೆ ಏನರ ಮಾಡಿದ್ನೇನು?”

ಮಾಜಿ ನಾಯಕ್ ತಲೆ ತಗ್ಗಿಸಿದ. ಎದುರಿನ ಮನೆಯ ಬಾಗಿಲ ಪಕ್ಕ ನಾವು ಬರೆದಿದ್ದ ಕೆಂಪು ನಂಬರು ಕಾಣುತ್ತಿತ್ತು. ಅದನ್ನು ತೋರಿಸಿ ಹೇಳಿದ: “ನಾವೂ ಹಿಂಗ ಬಾಗಲದ ಮ್ಯಾಲೆ ಬರೀತಿದ್ವಿ. ಹುಡುಕಿದ ಮನಿಗೆ ಒಂದು ಗೀಟು, ಸಂಶೇ ಇದ್ದ ಮನಿಗೆ ಎರಡು. ಎರಡು ಗೀಟು ಬಿದ್ದ ಮನಿ ಆಮ್ಯಾಲ ಉಳೀತಿರಲಿಲ್ಲ. ಒಳಗ ಮುದುಕ್ರು ಇರತಿದ್ರು, ನಿನ್ನಂಥಾವ್ರು. ಅವ್ರ ಮಾತು ನಮಗ ತಿಳೀತಿರಲಿಲ್ಲ, ನಮ್ಮ ಮಾತು ಅವ್ರಿಗೆ ತಿಳೀತಿರಲಿಲ್ಲ. ಬಾಗಲಾ ಒದ್ದಾವ್ರೊಳಗ ನಾನೂ ಇದ್ನಿ, ನಿನ್ನ ಮಗನೂ ಇದ್ದ.”

ಮುದುಕ ಎದ್ದು ಕಂಬಳಿ ಕೊಡವಿ ಹೊಳೆಯ ಕಡೆ ನಡೆದ. ನನ್ನ ಚೈನ್‌ಮನ್ ಕೆಂಪು ಬಣ್ಣದ ಡಬ್ಬಿಯನ್ನು ಕಾಲಿನಿಂದ ಜಗಲಿಯ ಮರೆಗೆ ಸರಿಸಿದರು. ಸೈನಿಕನ ಹೆಂಡತಿ ಮಾತ್ರ ಮಾಜಿ ನಾಯಕನಿಗೆ ನೀರಿನ ತಂಬಿಗೆ ಕೊಟ್ಟು ಹೇಳಿದಳು: “ಇದನ್ನ ಮೊದಲ ಹೇಳಬೇಕಿತ್ತಣ್ಣಾ ನೀನು. ಹತ್ತು ವರ್ಷ, ಈ ಯುದ್ಧದಾಗ ಮನಿ ಹಾಳಾದಾಕಿ ನಾ ಒಬ್ಬಾಕಿನ ಅಂತ ತಿಳಕೊಂಡಿದ್ದೆ.”

ಹೇಳಿಕೆ, ಪತ್ರದ ಪ್ರತಿ, ವಿಜಾಪುರದ ಕಾಗದ ಮೂರನ್ನೂ ಲಗತ್ತಿಸಿ ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟೆ. ಅವರು ಎಲ್ಲವನ್ನೂ ಓದಿದರು. ನಿಜಕ್ಕೂ ಓದಿದರು, ಅರ್ಧ ತಾಸು ತೆಗೆದುಕೊಂಡು.

“ನನಗೂ ಅರ್ಥ ಆಗ್ತದರೀ,” ಅಂದರು. “ಆದರೆ ದಿಲ್ಲಿಯವರೇ ಯುದ್ಧ ಅನ್ನದ್ದನ್ನ ನಾನು ಬೀಳಗಿಯಾಗ ಕೂತು ಯುದ್ಧ ಅನ್ನಲೇನು? ಆಡಿಟ್‌ನವರು ಕೇಳಿದ್ರ ಏನು ಹೇಳ್ಲಿ? ನಾಳೆ ಪಟ್ಟಿ ಹೋಗಬೇಕು. ಇತರೆ ಅಂತ ಹಾಕಿ ಸಹಿ ಮಾಡ್ರಿ. ಅಳತೆ ಪುಸ್ತಕದಾಗೂ ತಿದ್ದಿಬಿಡ್ರಿ, ಎರಡೂ ತಾಳೆ ಆಗಬೇಕು.”

ಇಲ್ಲಿ ಅಳತೆ ಪುಸ್ತಕದ ವಿಷಯ ಹೇಳಬೇಕು. ಅದರ ಹಾಳೆಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ, ಒಂದೂ ಹರಿಯುವಂತಿಲ್ಲ. ಶಾಯಿಯಲ್ಲೇ ಬರೆಯಬೇಕು, ಉಜ್ಜಿ ಅಳಿಸುವಂತಿಲ್ಲ. ತಿದ್ದಬೇಕಾದರೆ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ತಿದ್ದಿದವನು ತಾರೀಖು ಹಾಕಿ ಸಹಿ ಮಾಡಬೇಕು. ನಾಳೆ ಕೋರ್ಟಿಗೆ ಹೋದರೆ ಪಟ್ಟಿಗಿಂತ ಹೆಚ್ಚಿನ ಬೆಲೆ ಆ ಪುಸ್ತಕಕ್ಕೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಇದನ್ನು ಉರು ಹೊಡೆಸಿದ್ದರು.

ನಾನು ಪುಸ್ತಕ ತಂದು ಆ ಪುಟ ತೆರೆದೆ. ಹಳೆಯ ನಮೂದಿಗೆ ಗೆರೆ ಹೊಡೆಯಲಿಲ್ಲ. ಅದರ ಕೆಳಗೆ ಉಳಿದಿದ್ದ ಜಾಗದಲ್ಲಿ, ಅವರ ಎದುರಿಗೇ ನಿಂತು ಬರೆದೆ: ‘ಈ ಸ್ಮಾರಕದಲ್ಲಿ ಶವವಿಲ್ಲ. ಸೈನಿಕನನ್ನು ಸರ್ಕಾರವು ನೆರೆಯ ದೇಶದ ಯುದ್ಧಕ್ಕೆ ಕಳಿಸಿತ್ತು. ಆ ಯುದ್ಧವನ್ನು ಸರ್ಕಾರ ಯುದ್ಧವೆಂದು ಕರೆದಿಲ್ಲ. ಆದರೂ ಆತ ಅದರಲ್ಲೇ ಸತ್ತಿದ್ದಾನೆ. ಸಾಕ್ಷಿಗಳ ಹೇಳಿಕೆ ಲಗತ್ತಿಸಿದೆ.’ ತಾರೀಖು ಹಾಕಿ ಸಹಿ ಮಾಡಿ ಪುಸ್ತಕವನ್ನು ಅವರತ್ತ ತಿರುಗಿಸಿದೆ.

“ತಪ್ಪಿದ್ದರೆ ತಾವೇ ಗೆರೆ ಹೊಡೆದು ಸಹಿ ಹಾಕಿ, ಸರ್.”

ಅವರ ಮುಖ ಕೆಂಪಾಯಿತು. ಪೆನ್ನು ತೆಗೆದರು. ಬಹಳ ಹೊತ್ತು ಆ ಸಾಲುಗಳ ಮೇಲೆ ಹಿಡಿದುಕೊಂಡೇ ಇದ್ದರು. ಪೆನ್ಸಿಲ್ ಗೆರೆಗೆ ಸಹಿ ಬೇಕಿಲ್ಲ. ಶಾಯಿಯ ಗೆರೆಗೆ ಬೇಕು. ಕೊನೆಗೆ ಪೆನ್ನಿನ ಟೊಪ್ಪಿಗೆ ಹಾಕಿದರು.

“ಹೊರಗ ನಡೀರಿ,” ಅಂದರು.

ಪಟ್ಟಿಯನ್ನು ಅವರೇ ಬೇರೆಯವರಿಂದ ಟೈಪು ಮಾಡಿಸಿ ಕಳಿಸಿದರು. ಅದರಲ್ಲಿ ಆ ಕಟ್ಟೆ ‘ಇತರೆ’ಯಲ್ಲೂ ಇರಲಿಲ್ಲ. ಹದಿನೈದು ದಿನಕ್ಕೆ ನನಗೆ ಕಾರಣ ಕೇಳುವ ನೋಟಿಸು ಬಂತು: ಸರ್ಕಾರಿ ದಾಖಲೆಯಲ್ಲಿ ಅನಗತ್ಯ ಅಭಿಪ್ರಾಯ ಬರೆದದ್ದು. ನಾನು ಅಭಿಪ್ರಾಯ ಬರೆದಿಲ್ಲ, ಅಳತೆ ಬರೆದಿದ್ದೇನೆ ಎಂದು ಉತ್ತರಿಸಿದೆ. ತಿಂಗಳೊಳಗೆ ಮುಧೋಳದ ಕಡೆಯ ಕಾಲುವೆ ಕೆಲಸಕ್ಕೆ ಎತ್ತಿಹಾಕಿದರು. ಒಂದು ವರ್ಷದ ವೇತನ ಬಡ್ತಿ ತಡೆದರು. ಆ ಪುಟ ಮಾತ್ರ ಅಲ್ಲೇ ಉಳಿಯಿತು.

ಸರ್ಕಾರ ಸಾಗಿಸುವುದಿಲ್ಲವೆಂದು ಗೊತ್ತಾದ ಮೇಲೆ ಊರವರು ತಾವೇ ಸಾಗಿಸಲು ನಿಂತರು. ಬೇಸಿಗೆಯಲ್ಲಿ ಎರಡು ದಿನ ರಜೆ ಹಾಕಿ ನಾನೂ ಹೋದೆ. ಆಗಲೇ ಅರ್ಧ ಊರು ಬಾಗಿಲು, ತೊಲೆ ಕಿತ್ತುಕೊಂಡು ಹೋಗಿತ್ತು. ಕಟ್ಟೆ ಬಿಚ್ಚುವ ಕ್ರಮ ಹೇಳಿಕೊಟ್ಟೆ. ಪ್ರತಿ ಕಲ್ಲಿಗೂ ವರಸೆಯ ಅಂಕಿ, ದಿಕ್ಕಿನ ಅಕ್ಷರ, ಮೂಲೆಗಲ್ಲಿಗೆ ಸುತ್ತು. ಮೇಲಿನ ವರಸೆಯಿಂದ ಬಿಚ್ಚಿ, ಕೊನೆಗೆ ಬಿಚ್ಚಿದ್ದು ಅಲ್ಲಿ ಮೊದಲು ಕೈಗೆ ಬರುವಂತೆ ಟ್ರೇಲರಿನಲ್ಲಿ ಜೋಡಿಸುವುದು. ಚೈನ್‌ಮನ್ ಹೇಳಿಕಳಿಸದಿದ್ದರೂ ಬನಹಟ್ಟಿಯಿಂದ ಬಂದಿದ್ದರು. ಮಾಜಿ ನಾಯಕ್ ಸಮೀರವಾಡಿಯಿಂದ ಕಬ್ಬಿನ ಟ್ರ್ಯಾಕ್ಟರೊಂದನ್ನು ಕೇಳಿ ತಂದಿದ್ದ.

ಪರಸಿ ಕಲ್ಲು ಎತ್ತುವಾಗ ಎರಡು ತುಂಡಾಯಿತು. ಹಗ್ಗ ಕಟ್ಟಿದ್ದು ನಾನೇ. ತಪ್ಪು ನನ್ನದೇ, ಕಲ್ಲಿನ ಕೆಳಗೆ ಹುಲ್ಲಿನ ಹೊರೆ ಇಡಿಸಬೇಕಿತ್ತು. ನಾಚಿಕೆಯಿಂದ ನಿಂತಿದ್ದವನಿಗೆ ಮುದುಕ ಹೇಳಿದ: “ಇರಲಿ ಬಿಡ್ರಿ. ಅದರ ಮ್ಯಾಲೆ ಬರದದ್ದೂ ಖರೆ ಇರಲಿಲ್ಲ.”

ಮೂರು ಅಡಿ ಅಗೆದಾಗ ಟ್ರಂಕು ಸಿಕ್ಕಿತು. ತಳ ತುಕ್ಕು ತಿಂದು ಹೋಗಿತ್ತು. ಬಟ್ಟೆ ಮಣ್ಣಾಗಿತ್ತು, ಬೂಟಿನ ಅಡಿ ಮಾತ್ರ ಗಟ್ಟಿಯಿತ್ತು. ಬೂದಿಯ ಗಡಿಗೆಯನ್ನು ಮುದುಕ ಕಂಬಳಿಯಲ್ಲಿ ಸುತ್ತಿ, ಬೀರೇಶ್ವರನ ಭಂಡಾರದ ಅರಿಸಿನ ಹಚ್ಚಿ, ಟ್ರೇಲರ್ ಹತ್ತದೆ ಹೊಸ ಊರಿನ ತನಕ ಕೈಯಲ್ಲೇ ಹಿಡಿದು ನಡೆದ. ನಾವೂ ಹಿಂದೆ ನಡೆದೆವು.

ಹೊಸ ಊರೆಂದರೆ ಬೋಳು ದಿಬ್ಬದ ಮೇಲೆ ಗೆರೆ ಎಳೆದ ಪ್ಲಾಟುಗಳು. ಅದರ ಮೂಲೆಯಲ್ಲಿ ಕಟ್ಟೆ ಮತ್ತೆ ಎದ್ದಿತು. ಹೊಸ ಪರಸಿ ಕಲ್ಲು ಕೆತ್ತಲು ಜಮಖಂಡಿಯಿಂದ ಒಬ್ಬನನ್ನು ಕರೆಸಿದ್ದರು. ಏನು ಬರೆಸಬೇಕೆಂಬ ಮಾತು ಬಂದಾಗ ಪಂಚಾಯತಿಯ ಹಿರಿಯರೊಬ್ಬರು ಚೀಟಿ ತೆಗೆದರು. ಅದರಲ್ಲಿ ‘ಶಾಂತಿಗಾಗಿ ಪ್ರಾಣತೆತ್ತ ವೀರಪುತ್ರ’ ಎಂದಿತ್ತು. ಮಾಜಿ ನಾಯಕ್ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಸೈನಿಕನ ಹೆಂಡತಿ ಕೈ ಅಡ್ಡ ಮಾಡಿದಳು.

“ಶಾಂತಿ ಅಂತ ಬರಸಬ್ಯಾಡ್ರಿ ಕಾಕಾ. ಅಲ್ಲಿ ಇನ್ನೂ ಬಡದಾಡಾಕತ್ತಾರ. ಪೇಪರಿನ್ಯಾಗ ದಿನಾ ಬರತೈತಿ. ಎಲ್ಲೈತಿ ಶಾಂತಿ?”

“ಮತ್ತೇನು ಬರಸೂದವಾ?”

ಅವಳು ಮೊದಲೇ ಯೋಚಿಸಿಕೊಂಡಿದ್ದಳು. ಗಂಡನ ಹೆಸರು, ಊರು, ವಯಸ್ಸು ಇಪ್ಪತ್ನಾಲ್ಕು. ಕೆಳಗೆ: ‘ಲಂಕೆಯ ಯುದ್ಧಕ್ಕೆ ಕಳಿಸಿದರು. ಅಲ್ಲಿ ಸತ್ತನು. ಅಲ್ಲಿ ಸತ್ತವರು ಇನ್ನೂ ಬಹಳ.’

ಹಿರಿಯರು ಅದನ್ನು ಎರಡು ಸಲ ಬಾಯಲ್ಲಿ ಅಂದುಕೊಂಡರು. ಅವರಿಗೆ ಇರುಸುಮುರುಸಾಯಿತು.

“‘ಕಳಿಸಿದರು’ ಅಂದ್ರ ಯಾರ ಮ್ಯಾಲೋ ದೂರು ಹೇಳಿದಂಗ ಕೇಳಸ್ತೈತಿ, ತಂಗಿ.”

“ಹೌದ್ರಿ,” ಅಂದಳು ಅವಳು. “ಹಂಗ ಕೇಳಸಲಿ ಅಂತನ ಬರಸಾಕತ್ತೇನಿ.”

ನಂತರ ಕೆತ್ತುವವನ ಕಡೆ ತಿರುಗಿ, ಆ ‘ಕಳಿಸಿದರು’ ಎಂಬ ಮಾತಿನ ಅಕ್ಷರ ಉಳಿದವಕ್ಕಿಂತ ಆಳವಾಗಿ ಹೊಡೆಯಲು ಹೇಳಿದಳು.